ಪ್ರಸಾದ ಹಿಡಿದು ಬಂದ ಕಳ್ಳಿ

ಒಂದು ಪೇಟೆಯಲ್ಲಿ ಒಬ್ಬ ಸಾಹುಕಾರ ಇದ್ದ. ಅವನು ತಾನಾಗಿಯೇ ಹೇಳಿಕಳಿಸಿ, ತನ್ನ ಬಾಗಿಲಿಗೆ ಒಬ್ಬ ಕಳ್ಳಿಯನ್ನು ಕರೆಸಿಕೊಂಡ.

ನೀವು ನಗುತ್ತಿದ್ದೀರಿ. ನಗಿ. ನನಗೂ ಮೊದಲು ತಿಳಿಯಲಿಲ್ಲ. ಇವತ್ತು ಬೆಳಗ್ಗೆ ನಮ್ಮ ಮಠದ ಪ್ರಸಾದನಿಲಯದಲ್ಲಿ ಇದ್ದು ಓದುವ ಮಕ್ಕಳು ಬಂದು ನಮಸ್ಕಾರ ಮಾಡಿ, 'ಪರೀಕ್ಷೆ ಐತ್ರಿ ಅಜ್ಜಾರ, ಆಶೀರ್ವಾದ ಮಾಡ್ರಿ' ಎಂದರು. ಯಾವ ಪರೀಕ್ಷೆ ಎಂದೆ. ಎಥಿಕಲ್ ಹ್ಯಾಕಿಂಗ್ ಎಂದರು. ಹಾಗೆಂದರೇನಪ್ಪ ಎಂದೆ. ಇನ್ನೊಬ್ಬರ ಕಂಪ್ಯೂಟರಿನೊಳಗೆ ಹೇಗೆ ನುಗ್ಗಬೇಕು ಎಂದು ಕಲಿಯುವುದು, ಆದರೆ ಧರ್ಮದಿಂದ ಎಂದರು. ನೋಡಿ, ವಿಭೂತಿ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ನುಗ್ಗುವುದಕ್ಕೆ ಧರ್ಮ ಎಲ್ಲಿಂದ ಬಂತು? ಕಳ್ಳತನಕ್ಕೆ ಸರ್ಟಿಫಿಕೇಟು ಯಾರು ಕೊಡುತ್ತಾರೆ? ಹಚ್ಚಲೋ ಬೇಡವೋ? ಆ ಗೊಂದಲ ಬಿಡಿಸಿಕೊಳ್ಳಲು ಈ ಕಥೆಯನ್ನು ನನಗೆ ನಾನೇ ಹೇಳಿಕೊಂಡೆ. ಈಗ ನಿಮಗೆ ಹೇಳುತ್ತಿದ್ದೇನೆ.

ಆ ಪೇಟೆ ಮೆಣಸಿನಕಾಯಿ ಪೇಟೆ. ಸುತ್ತಿನ ಹಳ್ಳಿಗಳ ರೈತರು ಒಣಗಿಸಿದ ಕೆಂಪು ಕಾಯಿಯನ್ನು ಚೀಲ ತುಂಬಿ ತರುತ್ತಿದ್ದರು. ಕಾಯಿಗೆ ಬಣ್ಣವೇ ಪ್ರಾಣ. ಬಿಸಿಲು ಬಡಿದು ಬಣ್ಣ ಹೋಯಿತೋ, ಹೋಯಿತು, ಕೊಳ್ಳುವವನು ಮೂಸಿಯೂ ನೋಡುವುದಿಲ್ಲ. ಅದಕ್ಕೇ ಸಾಹುಕಾರ ಗುಡ್ಡದಷ್ಟು ದೊಡ್ಡದೊಂದು ಕೋಲ್ಡ್ ಸ್ಟೋರೇಜ್ ಕಟ್ಟಿಸಿದ್ದ. ಹೊರಗೆ ಬೆಂಕಿಯಂಥ ಬೇಸಿಗೆ, ಒಳಗೆ ಮಾಘದ ಚಳಿ. ಆ ಚಳಿಯ ಲಗಾಮು ಎಲ್ಲಿತ್ತು? ಆಫೀಸಿನ ಮೂಲೆಯ ಒಂದು ಕಂಪ್ಯೂಟರಿನಲ್ಲಿ. ಅದರ ಮುಂದೆ ಯಾರು ಕೂರುತ್ತಾರೋ, ಇಡೀ ಸೀಮೆಯ ವರ್ಷದ ದುಡಿಮೆ ಅವರ ಬೆರಳಿನ ತುದಿಯಲ್ಲಿ.

ಹೀಗಿರುವಾಗ ಸಾಹುಕಾರ ಕಾಯಬೇಕಾದದ್ದು ಏನು? ಯಾರ ಚೀಲ ಎಷ್ಟಿವೆ ಎಂಬುದು ಕಂಡಕಂಡವರಿಗೆ ತಿಳಿಯಬಾರದು. ಇಟ್ಟದ್ದು ಇಟ್ಟ ಹಾಗೇ ಇರಬೇಕು, ಯಾರೂ ತಿದ್ದಬಾರದು. ಕೇಳಿದ ದಿನ ಕೈಗೆ ಸಿಗಬೇಕು. ಮಕ್ಕಳ ಪುಸ್ತಕದಲ್ಲೂ ಇದೇ ಮೊದಲ ಪಾಠವಂತೆ. ನಾನು ಕೇಳಿ ಆಶ್ಚರ್ಯಪಟ್ಟೆ. ನಮ್ಮ ಹಿರಿಯರು ನೆಲದೊಳಗಿನ ಹಗೇವಿನಲ್ಲಿ ಜೋಳ ಹುಗಿದಿಟ್ಟು ಕಾಯುತ್ತಿದ್ದ ಧರ್ಮವೂ ಇದೇ ಅಲ್ಲವೇ?

ಪಕ್ಕದ ಪೇಟೆಯಲ್ಲಿ ಯಾರೋ ಎಲ್ಲೋ ಕೂತು, ಕಂಪ್ಯೂಟರಿನ ಒಳಹೊಕ್ಕು, ತಂಪು ಮಾಡುವ ಯಂತ್ರ ನಿಲ್ಲಿಸಿದರು ಎಂಬ ಸುದ್ದಿ ಬಂತು. ಸಾಹುಕಾರನಿಗೆ ಅನ್ನ ಸೇರದಾಯಿತು. ವಿಚಾರಿಸಿದ. ಕಳ್ಳರ ವಿದ್ಯೆಯನ್ನೇ ಕಲಿತು, ಮಾಲೀಕರ ಒಪ್ಪಿಗೆ ಪಡೆದು ಒಳಗೆ ನುಗ್ಗಿ ನೋಡಿ, ಎಲ್ಲಿ ತೂತಿದೆ ಎಂದು ಹೇಳುವವರು ಇದ್ದಾರೆಂದು ತಿಳಿಯಿತು. ಅಂಥ ಒಬ್ಬ ತರುಣಿಯನ್ನು ಗುಟ್ಟಾಗಿ ಕರೆಸಿದ.

ಅವಳು ಶಾಂತವಾಗಿ ಮಾತಾಡಿದಳು. ಏನನ್ನೂ ಒಯ್ಯುವುದಿಲ್ಲ, ತಂಪನ್ನು ಮುಟ್ಟುವುದಿಲ್ಲ, ಕಂಡದ್ದನ್ನು ನಿಮಗೊಬ್ಬರಿಗೇ ಹೇಳುತ್ತೇನೆ ಎಂದಳು. ಆಮೇಲೆ, ನೀವು ಒಪ್ಪಿದ್ದೀರೆಂದು ಒಂದು ಕಾಗದದ ಮೇಲೆ ಬರೆದುಕೊಟ್ಟರೆ ಒಳ್ಳೆಯದು ಎಂದಳು. ಸಾಹುಕಾರನ ಮುಖ ಸಣ್ಣಗಾಯಿತು.

"ನನ್ನ ಮಾತಿಗೆ ಕಾಗದ ಕೇಳಿದವರು ಈ ಪ್ಯಾಟ್ಯಾಗ ಇನ್ನೂ ಹುಟ್ಟಿಲ್ಲವ್ವ."

ಅವಳಿಗೆ ನಾಚಿಕೆಯಾಯಿತು. ತಂದೆಯ ವಯಸ್ಸಿನವರು. ಎದುರಿಗೆ ಕೂರಿಸಿಕೊಂಡು ಚಹಾ ಕೊಟ್ಟಿದ್ದಾರೆ. ಹೇಗೆ ಇನ್ನೊಮ್ಮೆ ಕೇಳುವುದು? ಬಿಟ್ಟಳು.

ಕೆಲಸ ಸುರುವಾಯಿತು. ಮೊದಲು ದೂರದಿಂದಲೇ ನೋಡಿದಳು. ಹೇಗೆ ಅಂದರೆ, ಒಬ್ಬಳು ಮನೆಯ ಸುತ್ತ ನಡೆಯುತ್ತ ಒಂದೊಂದೇ ಕಿಟಕಿಯನ್ನು ಬೆರಳಿಂದ ಒತ್ತಿ ನೋಡುತ್ತಾಳಲ್ಲ, ಹಾಗೆ. ಕಂಪ್ಯೂಟರಿಗೂ ಅಂಥ ಕಿಟಕಿಗಳಿವೆ, ಪೋರ್ಟ್ ಎನ್ನುತ್ತಾರೆ. ಬೇಕಾದದ್ದಷ್ಟೇ ತೆರೆದಿರಬೇಕು. ಇಲ್ಲಿ ಹಾಗೇ ಇತ್ತು. ಮುಂದೆ ಫೈರ್‌ವಾಲ್ ಎಂಬ ಗೋಡೆ, ಬೇಡದವರನ್ನು ಆಚೆಯೇ ತಡೆಯುವಂಥದ್ದು. ಅದೂ ಗಟ್ಟಿಯಾಗಿತ್ತು. ಪಾಸ್‌ವರ್ಡ್ ಊಹಿಸಲು ನೋಡಿದಳು. ಗುಮಾಸ್ತ ಜಾಣ, ದೇವರ ಹೆಸರಾಗಲಿ ಮಗಳ ಹೆಸರಾಗಲಿ ಇಟ್ಟಿರಲಿಲ್ಲ. ತರುಣಿ ಸೋತಳು.

ಅಷ್ಟರಲ್ಲಿ ಮಹಾನವಮಿ ಬಂತು. ಖಂಡೇಪೂಜೆ.

ನಿಮಗೆ ಗೊತ್ತೇ ಇದೆ. ಅವತ್ತು ಕುಡುಗೋಲಿಗೂ ಪೂಜೆ, ಲಾರಿಗೂ ಪೂಜೆ, ತಕ್ಕಡಿಗೂ ಪೂಜೆ. ಆ ಆಫೀಸಿನಲ್ಲಿ ಕಂಪ್ಯೂಟರಿಗೂ ಪೂಜೆ. ಆದರೆ ಕಂಪ್ಯೂಟರಿಗೆ ಒಂದು ಗುಣವಿದೆ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ತಾನೇ ಬೀಗ ಹಾಕಿಕೊಂಡು ಕಪ್ಪಗಾಗುತ್ತದೆ. ಹಿಂದಿನ ವರ್ಷ ಆರತಿ ಎತ್ತಿದ ಹೊತ್ತಿಗೇ ಹಾಗಾಗಿತ್ತು. ಕತ್ತಲೆಗೆ ಆರತಿ ಬೆಳಗಿದಂತಾಯಿತಲ್ಲ ಎಂದು ಸಾಹುಕಾರನ ಹೆಂಡತಿ ನೊಂದುಕೊಂಡಿದ್ದರು. ಅದಕ್ಕೆ ಗುಮಾಸ್ತ ಈ ಸಲ ಏನು ಮಾಡಿದ? ಇವತ್ತೊಂದು ದಿನ ಮಲಗಬೇಡ, ಬೀಗ ಹಾಕಿಕೊಳ್ಳಬೇಡ ಎಂದು ಅದಕ್ಕೆ ಹೇಳಿ, ಪರದೆಯ ಮೇಲೆ ದೇವಿಯ ಚಿತ್ರ ತಂದು, ಚೆಂಡುಹೂವಿನ ಮಾಲೆ ಹಾಕಿ, ಲಾರಿಗೆ ಕುಂಬಳಕಾಯಿ ಒಡೆಯಲು ಹಿತ್ತಲಿಗೆ ಹೋದ. ಸೋಮಾರಿಯೇ ಅವನು? ಅಲ್ಲ. ದ್ರೋಹಿಯೇ? ಅಲ್ಲವೇ ಅಲ್ಲ. ಭಕ್ತಿಯಿಂದಲೇ ಬಾಗಿಲು ತೆರೆದಿಟ್ಟ.

ಆ ಹೊತ್ತಿಗೆ ತರುಣಿ ಗೇಟಿನ ಮುಂದೆ ಬಂದಳು. ತಲೆತುಂಬ ಸೆರಗು, ಕೈಯಲ್ಲಿ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಸಕ್ಕರೆ-ಕೊಬ್ಬರಿ. ಗೇಟಿನಲ್ಲಿ ಹಳೆಯ ವಾಚ್‌ಮನ್ ಕೂತಿದ್ದ. ಎಂಥವನು ಗೊತ್ತೇ? ಸಾಹುಕಾರನ ಅಳಿಯ ಚೀಟಿ ಮರೆತು ಬಂದನೆಂದು ಅವನನ್ನೇ ಬಿಸಿಲಲ್ಲಿ ನಿಲ್ಲಿಸಿದವನು. ಅಂಥವನ ಮುಂದೆ ಅವಳು ಹೇಳಿದ್ದು ಇಷ್ಟೇ:

"ಪ್ರಸಾದ ತಂದೀನಿ ಕಾಕಾ."

ಸುಳ್ಳೇ? ಗುಡಿಯಿಂದ ತಂದ ನಿಜವಾದ ಪ್ರಸಾದವೇ ಅದು. ಸಾಹುಕಾರರ ಮನೆಯಿಂದ ಬಂದೆ ಎಂದು ಅವಳು ಹೇಳಲಿಲ್ಲ. ಅವನೇ ಅಂದುಕೊಂಡ. ಎದ್ದು ನಿಂತ, ಚಪ್ಪಲಿ ಕಳಚಿದ, ಎರಡೂ ಕೈ ಜೋಡಿಸಿ ಒಡ್ಡಿದ. ನೋಡಿ, ಎರಡೂ ಕೈ ಒಡ್ಡಿದವನಿಗೆ ಗೇಟು ಹಿಡಿಯಲು ಮೂರನೆಯ ಕೈ ಎಲ್ಲಿದೆ? ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಒಳಗೆ ಉಳಿದವರೂ ಇದ್ದಾರೆ, ಅವರಿಗೂ ಕೊಡವ್ವ ಎಂದು ತಾನೇ ಸಣ್ಣ ಬಾಗಿಲು ತೆಗೆದ.

ಅವಳು ಹೋಗಿ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂತಳು. ಯಾವ ಗೋಡೆಯನ್ನೂ ಹಾರಲಿಲ್ಲ, ಯಾವ ಬೀಗವನ್ನೂ ಒಡೆಯಲಿಲ್ಲ. ಏನನ್ನೂ ಮುಟ್ಟದೆ ಫೋನು ತೆಗೆದು ಸಾಹುಕಾರನಿಗೆ ಹೇಳಿದಳು, ನಿಮ್ಮ ತಂಪಿನ ಲಗಾಮಿನ ಮುಂದೆ ಕೂತಿದ್ದೇನೆ, ಬನ್ನಿ ಎಂದು.

ಆದರೆ ಸಾಹುಕಾರನಿಗಿಂತ ಮೊದಲು ಗುಮಾಸ್ತ ಬಂದ. ಗುರುತಿಲ್ಲದ ಹೆಂಗಸು ತನ್ನ ಕುರ್ಚಿಯಲ್ಲಿ. ಕೂಗು ಹಾಕಿದ. ಹಮಾಲರು ಬಂದರು, ಪೂಜೆಗೆ ಬಂದ ರೈತರು ಬಂದರು. ಯಾರು ನೀನು ಎಂದರೆ ಅವಳು, ಸಾಹುಕಾರರು ಬರಲಿ ಎಂದಳೇ ಹೊರತು ಬೇರೆ ಮಾತಿಲ್ಲ. ಸಾಹುಕಾರನೊಬ್ಬನಿಗೇ ಹೇಳುತ್ತೇನೆಂದು ಮಾತು ಕೊಟ್ಟವಳು, ಮಾತು ಮುರಿಯಲಾರಳು. ತೋರಿಸೋಣವೆಂದರೆ ಕಾಗದವೂ ಇಲ್ಲ. ಜನ ವಾಚ್‌ಮನ್‌ನ ಕಡೆ ತಿರುಗಿದರು. ಒಬ್ಬ ರೈತ ಕೇಳಿದ:

"ಏನ್ ತಿಂದು ಒಳಗ ಬಿಟ್ಟಿಯಪ್ಪಾ ಈಕೀನ?"

"ಸಕ್ಕರಿ-ಕೊಬ್ರಿ," ಎಂದ ಅವನು.

ಕೆಲವರು ನಕ್ಕರು. ಅವನು ನಗಲಿಲ್ಲ. ಬಾಯಲ್ಲಿ ಇನ್ನೂ ಸಿಹಿ ಇತ್ತು, ಕಣ್ಣಲ್ಲಿ ನೀರು ಬಂದಿತ್ತು. ಇಷ್ಟು ವರ್ಷ ಕಾದ ಹೆಸರು ಒಂದು ಚಿಟಿಕೆ ಸಕ್ಕರೆಗೆ ಹೋಯಿತಲ್ಲ ಎಂದು.

ಸಾಹುಕಾರ ಬಂದ. ಗುಮಾಸ್ತ, ಕಳ್ಳಿ ಸಿಕ್ಕಿದ್ದಾಳೆ, ಪೊಲೀಸರಿಗೆ ಫೋನು ಮಾಡುತ್ತೇನೆ ಎಂದ. ಈಗ ಸಾಹುಕಾರ ಏನು ಮಾಡಬೇಕು? ಒಂದೇ ಒಂದು ಮಾತು. ನಾನೇ ಕರೆಸಿದವಳು ಎಂಬ ಒಂದು ಮಾತು. ಅಂದರೆ ಅವಳೂ ಉಳಿಯುತ್ತಾಳೆ, ವಾಚ್‌ಮನ್‌ನ ಮಾನವೂ ಉಳಿಯುತ್ತದೆ. ಅನ್ನದಿದ್ದರೆ? ಕಳ್ಳಿ ಎಂದು ಪೊಲೀಸರ ಕೈಗೆ ಹೋದವಳಿಗೆ ನಾಳೆ ಯಾರು ಬಾಗಿಲು ತೆರೆದು ಕೆಲಸ ಕೊಡುತ್ತಾರೆ? ಅವಳ ಬಾಳೇ ಹೋದಂತೆ.

ಅವನಿಗೆ ಬಾಯಿ ಬರಲಿಲ್ಲ. ಯಾಕೆ? ಸುತ್ತ ನಿಂತವರೆಲ್ಲ ಅವನ ಉಪ್ಪು ಉಂಡವರು, ಅವನನ್ನು ನಂಬಿದವರು. ನಿಮ್ಮನ್ನು ಪರೀಕ್ಷೆ ಮಾಡಲು ಕಳ್ಳಿಯನ್ನು ಕರೆಸಿದೆ ಎಂದು ನವಮಿಯ ದಿನ ಅವರ ಮುಖ ನೋಡಿ ಹೇಳುವುದು ಹೇಗೆ? ನಿಂತ. ನಿಂತೇ ಇದ್ದ. ಗುಮಾಸ್ತ ಫೋನು ಕೈಗೆತ್ತಿಕೊಂಡ.

ಇಲ್ಲಿ ನನಗೂ ದಾರಿ ತಪ್ಪುತ್ತದೆ. ಇವರಲ್ಲಿ ಕಳ್ಳರು ಯಾರು? ಪ್ರಸಾದ ತಂದವಳೇ? ತೆಗೆದುಕೊಂಡವನೇ? ಆರತಿಗಾಗಿ ಬೀಗ ತೆಗೆದವನೇ? ಬಾಯಿ ಮುಚ್ಚಿಕೊಂಡು ನಿಂತವನೇ? ಒಬ್ಬರೂ ಕೆಟ್ಟವರಲ್ಲ. ಒಬ್ಬರೂ ಕೆಟ್ಟವರಲ್ಲ, ಆದರೂ ಕೆಡುಕು ಬಾಗಿಲಿಗೆ ಬಂದು ನಿಂತಿದೆ.

ಆಗ ವಾಚ್‌ಮನ್ ಜನರನ್ನು ಸರಿಸಿಕೊಂಡು ಅವಳ ಎದುರಿಗೆ ಬಂದ. ದನಿ ಏರಿಸಲಿಲ್ಲ.

"ನೀ ಯಾರವ್ವಾ? ಗೇಟಿನ್ಯಾಗ ಕೇಳಬೇಕಿತ್ತು. ಪ್ರಸಾದ ಹಿಡದಾಕೀನ ಹೆಂಗ ಕೇಳ್ಲಿ ಅಂತ ನಾಚಿದೆ. ಈಗ ಕೇಳಾಕತ್ತೀನಿ."

ಅವಳು ಸಾಹುಕಾರನನ್ನು ನೋಡಿದಳು. ಅವಳ ಕಣ್ಣು ಹೋದ ಕಡೆ ವಾಚ್‌ಮನ್‌ನ ಕಣ್ಣೂ ಹೋಯಿತು. ಕೆಲಸಕ್ಕೆ ಸೇರಿದಂದಿನಿಂದ ಧಣಿಗೆ ಒಂದು ಪ್ರಶ್ನೆ ಹಾಕಿದವನಲ್ಲ ಅವನು. ಅವತ್ತು ಹಾಕಿದ.

"ಹಂಗಾರ ನಿಮ್ಮನ್ನ ಕೇಳ್ತೀನ್ರಿ ಸಾವ್ಕಾರ್ರ. ಈಕಿ ಯಾರು?"

ಬೀಗಕ್ಕೆ ಸರಿಯಾದ ಕೀಲಿ ಬಿದ್ದ ಹಾಗಾಯಿತು. ಸಾಹುಕಾರ ಗುಮಾಸ್ತನ ಕೈಯಿಂದ ಫೋನು ತೆಗೆದುಕೊಂಡ.

"ನಾನ ಕರಸೀನಿ," ಎಂದ. "ನಿಮ್ಮ ಮ್ಯಾಲಿನ ಅನುಮಾನಕ್ಕಲ್ಲ. ನನ್ನ ಅಂಜಿಕಿಗೆ."

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದುಕೊಂಡಿರಾ? ಇಲ್ಲ. ಕೆಲವು ಹಮಾಲರು ಮುನಿಸಿಕೊಂಡು, ಹಬ್ಬದ ಊಟದ ಹೋಳಿಗೆ ಮುಟ್ಟದೆ ಎದ್ದು ಹೋದರು. ಗುಮಾಸ್ತ ಬಹಳ ದಿನ ಧಣಿಯ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ವಾಚ್‌ಮನ್ ಮಾತ್ರ ಆ ತರುಣಿಯನ್ನು ಗೇಟಿನ ತನಕ ಬಿಟ್ಟುಬರಲು ಹೋದ. ದಾರಿಯಲ್ಲಿ ಕೇಳಿದ, ಇನ್ನು ಮುಂದೆ ಪ್ರಸಾದ ಬಂದರೆ ತೆಗೆದುಕೊಳ್ಳಬೇಕೋ ಬೇಡವೋ, ನೀನೇ ಹೇಳವ್ವ ಎಂದು. ಅವಳು ಹೇಳಿದಳು:

"ತಗೋರಿ ಕಾಕಾ. ಗೇಟಿನ ಹೊರಗ ನಿಂತು ತಗೋರಿ. ಯಾರಂತ ಕೇಳಿ ತಗೋರಿ. ಕೇಳಿದ್ರ ಪ್ರಸಾದ ಮೈಲಿಗಿ ಆಗೂದಿಲ್ಲ."

ಈಗ ನಿಮ್ಮನ್ನು ಕೇಳುತ್ತೇನೆ, ತಾಯಂದಿರೇ, ಅಣ್ಣಂದಿರೇ. ಆ ಗೋಡೆಯಲ್ಲಿದ್ದ ತೂತು ಯಾವುದು? ದಾಕ್ಷಿಣ್ಯ. ವಾಚ್‌ಮನ್ ದಾಕ್ಷಿಣ್ಯಕ್ಕೆ ಕೇಳಲಿಲ್ಲ. ತರುಣಿ ದಾಕ್ಷಿಣ್ಯಕ್ಕೆ ಕಾಗದ ಬಿಟ್ಟಳು. ಸಾಹುಕಾರ ದಾಕ್ಷಿಣ್ಯಕ್ಕೆ ಬಾಯಿ ಬಿಡಲಿಲ್ಲ. ಪರೀಕ್ಷೆ ಮಾಡಲು ಬಂದವಳೂ ಅದೇ ತೂತಿನಲ್ಲಿ ಬಿದ್ದಳು. ದಾಕ್ಷಿಣ್ಯ ಪಾಪವೇ? ಅಲ್ಲ. ಅದಿಲ್ಲದ ಊರಲ್ಲಿ ಬಾಳಲಾದೀತೇ? ಆದರೆ ಅದನ್ನು ಕಾವಲಿಗೆ ಕೂರಿಸಬೇಡಿ. ಬಂದವರಿಗೆ ನೀರು ಕೊಡುವ ಕೆಲಸ ಅದರದ್ದು. ಬಾಗಿಲು ಕಾಯುವ ಕೆಲಸ ಅದರದ್ದಲ್ಲ.

ಫೋನು ಬರುತ್ತದೆ. ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ ಅಮ್ಮಾ, ನಿಮ್ಮ ಫೋನಿಗೆ ಒಂದು ಒಟಿಪಿ ನಂಬರು ಬಂದಿದೆ, ಓದಿ ಹೇಳಿ ಎನ್ನುತ್ತಾನೆ ಯಾರೋ ಒಬ್ಬ. ನಿಮಗೆ ಒಳಗೊಳಗೇ ಅನುಮಾನ. ಆದರೂ ಓದಿ ಹೇಳುತ್ತೀರಿ. ದಡ್ಡರೆಂದೇ? ಅಲ್ಲ. ಅಷ್ಟು ಮರ್ಯಾದೆಯಿಂದ ಅಮ್ಮಾ ಎಂದವನ ಫೋನು ಹೇಗೆ ಕತ್ತರಿಸಲಿ ಎಂದು. ಬೀಗರ ಮನೆಯವರು ಮೊಬೈಲ್ ಕೇಳಿದರೆ ಪಾಸ್‌ವರ್ಡ್ ಸಮೇತ ಕೊಡುತ್ತೀರಿ. ಸಂಘದ ಕಂಪ್ಯೂಟರಿಗೆ ಒಂದೇ ಪಾಸ್‌ವರ್ಡ್ ಇಟ್ಟು ಊರಿಗೆಲ್ಲ ಹೇಳುತ್ತೀರಿ, ನಿನಗೆ ಹೇಳುವುದಿಲ್ಲ ಎಂದರೆ ಅವನಿಗೆ ಬೇಸರವಾದೀತು ಎಂದು. ಇವತ್ತೇ ಹೋಗಿ ಬದಲಿಸಿ. ಯಾರ ಕೆಲಸಕ್ಕೆ ಯಾವ ಕೀಲಿ ಬೇಕೋ ಅಷ್ಟೇ ಕೊಡಿ. ಒಟಿಪಿಯನ್ನು ಮಗನಿಗೂ ಓದಿ ಹೇಳಬೇಡಿ.

ಪರೀಕ್ಷೆಗೆ ಹೋಗುವ ಮಕ್ಕಳೇ, ನಿಮ್ಮ ಹಣೆಗೆ ನಾನು ವಿಭೂತಿ ಹಚ್ಚಿದೆ, ಆದರೆ ಒಂದು ಮಾತು ಹೇಳಿಯೇ ಹಚ್ಚಿದೆ. ಕರೆಯದ ಮನೆಗೆ ನುಗ್ಗಬೇಡಿ, ಒಳ್ಳೆಯದಕ್ಕೇ ಆದರೂ ಬೇಡ. ಕರೆದವನು ಎಷ್ಟೇ ದೊಡ್ಡವನಾಗಿರಲಿ, ಒಪ್ಪಿಗೆಯನ್ನು ಕಾಗದದ ಮೇಲೆ ಕೇಳಿ. ತೂತು ಕಂಡರೆ ಮನೆಯವರ ಕಿವಿಯಲ್ಲಿ ಹೇಳಿ, ಸಂತೆಯಲ್ಲಿ ಹೇಳಬೇಡಿ. ಮತ್ತೆ ಉಳಿದವರೇ, ಅವರು ಬಂದು ನಿಮ್ಮ ತೂತು ತೋರಿಸಿದರೆ ಮುನಿಸಿಕೊಂಡು ಎಲೆ ಬಿಟ್ಟು ಏಳಬೇಡಿ.

ಕೇಳುವುದು ಅನುಮಾನವಲ್ಲ. ಹೊರಗಿನಿಂದ ಯಾರೋ ಬಾಗಿಲು ತಟ್ಟಿದಾಗ ಒಳಗಿನಿಂದ 'ಯಾರು' ಎನ್ನುತ್ತೀರಿ. ತಟ್ಟಿದವಳು ನಿಮ್ಮ ಹೆತ್ತ ತಾಯಿಯೇ ಆಗಿದ್ದರೂ ಎನ್ನುತ್ತೀರಿ. ಅವಳು ಸಿಟ್ಟಾಗಿ ತಿರುಗಿ ಹೋದಳೇ? 'ನಾನ ಅದೀನಿ' ಎಂದಳು, ನೀವು ಅಗಳಿ ತೆಗೆದಿರಿ. ಅಷ್ಟೇ.

ನಾಳೆ ನನ್ನ ಹೆಸರಿನಲ್ಲೇ ನಿಮಗೆ ಫೋನು ಬರಬಹುದು. ನನ್ನದೇ ದನಿಯೂ ಇರಬಹುದಂತೆ, ಈಗ ಅದನ್ನೂ ಮಾಡುತ್ತಾರಂತೆ. ಮಠಕ್ಕೆ ಹಣ ಬೇಕು, ಗುರುಗಳು ಕೇಳುತ್ತಿದ್ದಾರೆ, ಹೇಗೆ ಇಲ್ಲವೆನ್ನಲಿ ಎಂದು ನೀವು ಎರಡೂ ಕೈ ಒಡ್ಡಬೇಡಿ. ಫೋನು ಕೆಳಗಿಡಿ. ನಡೆದುಕೊಂಡು ಇಲ್ಲಿಗೆ ಬನ್ನಿ. ಎಲ್ಲರ ಎದುರಿಗೇ ಕೇಳಿ: ಅಜ್ಜಾರ, ಫೋನಿನ್ಯಾಗ ಮಾತಾಡಿದ್ದು ನೀವ ಏನ್ರಿ? ನಾನು ಬೇಸರಪಡುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಹೌದೋ ಅಲ್ಲವೋ ಹೇಳಿ ಕಳಿಸುತ್ತೇನೆ.