ಸ್ಕೀಗೆ ಹಚ್ಚಿದ ಕುಂಕುಮ

ನ್ಯೂಜೆರ್ಸಿಯ ಹಿಮಗುಡ್ಡದ ಬುಡದಲ್ಲಿ, ಕೊಳ್ಳುವ ಮೊದಲು ಜಾರಿ ನೋಡಲೆಂದು ಕಾಲಿಗೆ ಸಿಕ್ಕಿಸುವ ಹೊಸ ಸ್ಕೀ ಹಲಗೆ ಕೊಡುವ ಅಂಗಡಿಯ ಮುಂದೆ ಭೂಮಿಕಾ ಸರದಿಯಲ್ಲಿ ನಿಂತಿದ್ದಳು. ಆಗಷ್ಟೇ ಒಂದು ಜೊತೆ ಪಡೆದು ಪಕ್ಕಕ್ಕೆ ಸರಿದ ಗಂಡ ಹೆಂಡತಿಯ ಕನ್ನಡ ಕಿವಿಗೆ ಬಿತ್ತು. ಮಾತಾಡಿಸೋಣ ಎಂದುಕೊಂಡವಳು ಅವರ ಜಗಳದ ದನಿ ಕೇಳಿ ಸರದಿಯಲ್ಲೇ ಉಳಿದಳು.

“ಇದು ಟ್ರೈ ಮಾಡೋಕೆ ಕೊಟ್ಟಿರೋದು ಕಣೇ, ಇನ್ನೂ ನಮ್ಮದಲ್ಲ. ಎರಡಕ್ಕೂ ಕುಂಕುಮ ಹಚ್ಚು ಅಂತ ನಿಂಗ್ಯಾರು ಹೇಳಿದ್ರು?”

“ಹೊಸ ಕಾರಿಗೆ ಹಚ್ಚಿದಾಗ ಸುಮ್ಮನಿದ್ರಲ್ಲ.”

“ಕಾರು ನಮ್ಮದು. ಇದನ್ನ ಹೀಗೇ ವಾಪಸ್ ಕೊಟ್ರೆ ಅಂಗಡಿಯವನು ಏನಂದ್ಕೋತಾನೆ?”

“ಏನಾದ್ರೂ ಅಂದ್ಕೊಳ್ಳಲಿ. ಹೋದ ವರ್ಷ ಎಡಗಾಲು ಮುರ್ಕೊಂಡು ಬಿದ್ದಿದ್ರಲ್ಲ, ಆಗ ಸ್ನಾನ ಮಾಡಿಸಿದ್ದು ಅವನಾ, ನಾನಾ?”

“ಅದನ್ನೇ ಎಷ್ಟು ಸಲ ಹೇಳ್ತೀಯ?”

“ಎರಡು ಸಾವಿರದ ಇಸವಿ ಬರೋದ್ರೊಳಗೆ ಕಂಪ್ಯೂಟರೆಲ್ಲ ಸರಿಮಾಡ್ಬೇಕು, ವೈಟುಕೆ ಕೆಲಸ ಅಂತ ಊರಿಗೆ ಹೋಗೋಕೆ ರಜ ಇಲ್ಲ. ಕಾಲು ಮುರ್ಕೊಳ್ಳೋಕೆ ಮಾತ್ರ ಸಿಗುತ್ತೆ.”

“ಒರೆಸು ಮೊದಲು.”

“ಬೇಕಾದ್ರೆ ನೀವೇ ಒರೆಸ್ಕೊಳ್ಳಿ. ನನ್ನ ಕೈಲಾಗಲ್ಲ.”

ಅವನು ಗ್ಲೌಸ್ ಕಳಚಿ, ಹಿಡಿ ಹಿಮ ತೆಗೆದುಕೊಂಡು ಒಂದು ಸ್ಕೀಯನ್ನು ಹಲ್ಲು ಕಚ್ಚಿ ಉಜ್ಜಿದ. ಇನ್ನೊಂದರ ಕುಂಕುಮ ಒರೆಸಲಿಲ್ಲ. ಹೆಂಡತಿಯ ಮುಖವನ್ನೂ ನೋಡದೆ, ಉಜ್ಜಿದ್ದನ್ನು ಬಲಗಾಲಿಗೆ, ಕುಂಕುಮವಿದ್ದದ್ದನ್ನು ಎಡಗಾಲಿಗೇ ಸಿಕ್ಕಿಸಿಕೊಂಡು ಗುಡ್ಡದ ಕಡೆ ಹೊರಟ.