ಪಡಸಾಲೆಯ ಮಗ್ಗ ಮತ್ತು ಅಧ್ಯಕ್ಷರ ನಿದ್ದೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪರಶಪ್ಪನವರೇ, ಸಹಕಾರ ಖಾತೆಯಿಂದ ದಯಮಾಡಿಸಿದ ಅತಿಥಿಗಳೇ, ನಮ್ಮ ಗೃಹನಿರ್ಮಾಣ ಸಂಘದ ಸದಸ್ಯರೇ, ನಾನು ಬಾಯಿ ತೆರೆಯುವ ಮೊದಲೇ ನಗಲು ಶುರು ಮಾಡಿರುವ ತಾಯಂದಿರೇ, ಸಭಿಕರೇ,

ಇಂದು ಸಂಘದ ಅಧ್ಯಕ್ಷ ಸ್ಥಾನದಿಂದ ನನ್ನ ಬೀಳ್ಕೊಡುಗೆ. ಪರಶಪ್ಪನವರು ಈಗಷ್ಟೇ ನನ್ನ ಗುಣಗಾನ ಮಾಡಿದರು. ಇಷ್ಟು ಒಳ್ಳೆಯ ಮನುಷ್ಯ ಯಾರಿರಬಹುದು ಎಂದು ನಾನೂ ಹಿಂದೆ ತಿರುಗಿ ನೋಡಿದೆ.

ಗಜೇಂದ್ರಗಡದಲ್ಲಿ ಈ ಸಂಘ ಹುಟ್ಟಿದಾಗ ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ನೀವು ಮನೆ ಕಟ್ಟಿದಿರಿ, ನಾನು ನಿಯಮ ಕಟ್ಟಿದೆ. ಗೋಡೆಗೆ ಸಗಣಿಯ ಕುಳ್ಳು ಬಡಿಯಬಾರದು. ಬಾಗಿಲಿಗೆ ಹಸಿರು ಬಣ್ಣವೇ ಇರಬೇಕು. ಕಟ್ಟೆಯ ಮೇಲೆ ಹೊರಸು ಹಾಕಿ ಮಲಗಬಾರದು. ಬೇಸಿಗೆ ಬಂದಾಗ ಈ ಕೊನೆಯ ನಿಯಮವನ್ನು ಮೊದಲು ಮುರಿದವರು ಯಾರೆಂದು ಕೇಳುತ್ತೀರಾ? ದಯವಿಟ್ಟು ಕೇಳಬೇಡಿ.

ಪಕ್ಕದ ಮನೆಯ ಗೌಸುಸಾಬರು ನೇಕಾರರು. ಬಂದ ವಾರದಲ್ಲೇ ಪಡಸಾಲೆಯಲ್ಲಿ ಕುಣಿ ತೋಡಿ ಮಗ್ಗ ಹೂಡಿದರು. ಸಂಘದ ಮನೆ ವಾಸಕ್ಕೋ ಉದ್ಯೋಗಕ್ಕೋ? ವಾಸಕ್ಕೆ ಮಾತ್ರ ಎಂದು ಹೊಸ ನಿಯಮ ಬರೆದುಕೊಂಡು ಹೋದೆ.

“ಮಗ್ಗ ಹೊರಗ ಹಾಕಿದ್ರ ಅದರ ಹಿಂದ ನಾವೂ ಹೊರಗ ಹೋಗಬೇಕ್ರಿ. ದುಡದು ತಿನ್ನಾಕ ಬ್ಯಾರೆ ಜಾಗಾ ಎಲ್ಲೈತ್ರಿ?” ಎಂದರು ಗೌಸುಸಾಬರು.

“ನನಗ ನಿದ್ದಿ ಹತ್ತೂದಿಲ್ಲಪಾ,” ಎಂದೆ.

ಅವರ ಹೆಂಡತಿ ಮಕ್ತುಮಬಿ ಒಳಗಿನಿಂದಲೇ ಹೇಳಿದರು: “ಮಗ್ಗ ಸಂಜಿಮುಂದ ನಿಂದರತೈತ್ರಿ ಸಾಹೇಬ್ರ. ನಿಮ್ಮ ಗೊರಕಿ ಆಮ್ಯಾಲೆ ಚಾಲೂ ಆಗತೈತಿ. ಅದಕ್ಕೂ ಒಂದು ನೇಮ ಬರದುಬಿಡ್ರಲಾ.”

ಸಿಟ್ಟಿನಿಂದ ಮನೆಗೆ ಬಂದು ಊಟಕ್ಕೆ ಕುಳಿತು, ನನ್ನ ಮನೆಯಾಕೆ ಶಂಕ್ರವ್ವನಿಗೆ ಎಲ್ಲ ಹೇಳಿದೆ. ಸಭಿಕರೇ, ನಾನು ಕಚೇರಿಯ ಕಾರಕೂನನಾಗಿದ್ದವನು. ರೋಣ, ನರೇಗಲ್, ನರಗುಂದ, ವರ್ಗವಾದಲ್ಲೆಲ್ಲ ಬಾಡಿಗೆ ಮನೆ. ನರಗುಂದದ ಮಾಲಕ ಗೋಡೆಗೆ ಮೊಳೆ ಹೊಡೆಯಗೊಡಲಿಲ್ಲ. ನಮ್ಮವ್ವ ನಸುಕಿನಲ್ಲಿ ಬೀಸುವುದೂ ಅವನಿಗೆ ಸಪ್ಪಳವೇ. ಆಕೆ ಜೋಳದ ಬುಟ್ಟಿ ಹೊತ್ತು ಕಂಡವರ ಮನೆಗೆ ಹೋಗಿ ಬೀಸಿಕೊಂಡು ಬರುತ್ತಿದ್ದಳು. ನಮ್ಮದೆನ್ನುವ ಮನೆಯೊಂದು ಆಗುವ ಮೊದಲೇ ಹೋಗಿಬಿಟ್ಟಳು. ಇದನ್ನೇಕೆ ಹೇಳಿದೆನೋ. ಇರಲಿ, ಮಗ್ಗಕ್ಕೆ ಬರೋಣ.

ಶಂಕ್ರವ್ವ ರೊಟ್ಟಿ ಹಾಕುತ್ತ ಅಂದಳು: “ಆ ನರಗುಂದದ ಮಾಲಕ ಸತ್ತ ಅಂದಿದ್ರಿ. ಸತ್ತಿಲ್ಲ ತಗೋರಿ. ನಮ್ಮ ಮನ್ಯಾಗ ಉಣ್ಣಾಕ ಕುಂತಾನ.”

ಊಟ ಅಲ್ಲಿಗೇ ನಿಂತಿತು. ನಾನು ನಿಲ್ಲಲಿಲ್ಲ. ಸರ್ವಸದಸ್ಯರ ಸಭೆ ಕರೆದೆ.

ಸಹಕಾರ ಖಾತೆಯ ಅಧಿಕಾರಿಗಳು ಬಂದು ನಮ್ಮದೇ ಪೋಟನಿಯಮಗಳನ್ನು, ಅಂದರೆ ಸಂಘದ ಬೈಲಾಗಳನ್ನು, ಓದಿ ಹೇಳಿದರು. ರಸ್ತೆ, ಗಟಾರ, ಬಾವಿ ಎಲ್ಲರವು. ಅಲ್ಲಿ ಸಂಘದ ಮಾತು ನಡೆಯುತ್ತದೆ. ನೆರೆಯವರ ಗೋಡೆಗೆ ಧಕ್ಕೆಯಾದರೂ ತಡೆಯಬಹುದು. ಆದರೆ ಹೊಸ್ತಿಲೊಳಗೆ ಒಬ್ಬರು ಹೊಟ್ಟೆಪಾಡಿಗೆ ಮಾಡುವ ಕೆಲಸವನ್ನು ಅಧ್ಯಕ್ಷರ ನಿದ್ದೆಗಾಗಿ ನಿಲ್ಲಿಸಲು ಬರುವುದಿಲ್ಲ! ಮತ ಕೇಳಿದಾಗ ನನ್ನ ಪರವಾಗಿ ಎದ್ದದ್ದು ಹೇಮಪ್ಪನವರ ಕೈ ಒಂದೇ. ಅವರೂ “ನಾ ನೀರು ಕೇಳಾಕ ಕೈ ಎತ್ತಿದ್ದೆರಿ” ಎಂದು ಇಳಿಸಿಬಿಟ್ಟರು.

ನಾನು ಗೆದ್ದದ್ದು ಒಂದರಲ್ಲಿ ಮಾತ್ರ. ನೂಲಿಗೆ ಬಣ್ಣ ಹಾಕಿದ ನೀರನ್ನು ಎಲ್ಲರ ಗಟಾರಕ್ಕೆ ಬಿಡಬಾರದೆಂದೆ. ಗೌಸುಸಾಬರು ಕೂಡಲೇ ಒಪ್ಪಿದರು.

ಮರುದಿನ ಬೆಳಿಗ್ಗೆ ಮಕ್ತುಮಬಿ ನಮ್ಮ ಬಾಗಿಲಲ್ಲಿ ನಿಂತಿದ್ದರು. “ಒಳಗ ಬರ್ಲೇನ್ರಿ ಸಾಹೇಬ್ರ?”

“ಬಾರವ್ವ, ಅದರಾಗ ಕೇಳೂದೇನೈತಿ?”

“ಮನಿ ನಿಮ್ಮದೈತಲ್ರಿ.”

ಬಣ್ಣದ ನೀರಿಗೆ ಹಿತ್ತಲಲ್ಲಿ ಎಲ್ಲಿ ಗುಂಡಿ ತೋಡಿದರೆ ಬಾವಿಗೆ ತಾಗುವುದಿಲ್ಲ ಎಂದು ಕೇಳಲು ಬಂದಿದ್ದರು. ತೋರಿಸಲು ಹೊರಟೆ. ಅವರ ಹೊಸ್ತಿಲ ಹತ್ತಿರ ಕಾಲು ಮುಂದಕ್ಕೆ ಹೋಗಲಿಲ್ಲ. ಹಿಂದೆ ನಿಯಮದ ಕಾಗದ ಹಿಡಿದು ಬಂದಾಗ ನಾನು ಮೆಟ್ಟು ಹಾಕಿಕೊಂಡೇ ಮಗ್ಗದ ತನಕ ನುಗ್ಗಿದ್ದೆ. ಈ ಸಲ ಮೆಟ್ಟು ಹೊರಗೆ ಬಿಟ್ಟು, “ಗೌಸುಸಾಬರ, ಒಳಗ ಬರ್ಲೇನ್ರಿ?” ಎಂದೆ.

ಮಗ್ಗ ನಿಂತಿತು. ಅವರು ಕುಣಿಯಿಂದ ಮೇಲೆದ್ದು ಬಂದು ಚಾಪೆ ಹಾಸಿದರು.

ಅಧ್ಯಕ್ಷನಾಗಿ ನಾನು ಯಾರನ್ನಾದರೂ ಅನುಮತಿ ಕೇಳಿದ್ದು ಅದೇ ಮೊದಲು. ಅನುಮತಿ ಸಿಕ್ಕಿತು. ಚಹಾ ಕೂಡ ಸಿಕ್ಕಿತು.

ಇಷ್ಟು ವರ್ಷ ನನ್ನನ್ನೂ ನನ್ನ ನಿಯಮಗಳನ್ನೂ ತಾಳಿಕೊಂಡ ನಿಮಗೆಲ್ಲ ನಾನು ಋಣಿ. ಬಿಸಿಲು ಏರಿದೆ, ಊಟ ಆರುತ್ತಿದೆ. ಎಲ್ಲರಿಗೂ ನಮಸ್ಕಾರ.