ಚಿಕ್ಕಮ್ಮನಿಗೆ ಬಂದ ಫೋನು

ಬಸ್ ಸ್ಟಾಪಿನ ಗೋಡೆಯ ಮೇಲೆ ಹೊಸ ಧಾರಾವಾಹಿಯ ನಾಯಕಿ ಅಳುತ್ತಿದ್ದಳು. ಪಕ್ಕದ ಅಂಗಡಿಯ ರೇಡಿಯೋದಲ್ಲೂ ಅವಳದೇ ಅಳು. ಕಣ್ಣೀರು ಇಷ್ಟು ಜೋರಾಗಿ ಮಾರಾಟಕ್ಕೆ ಬಂದದ್ದನ್ನು ನಾನು ಕಂಡಿರಲಿಲ್ಲ. ನನ್ನ ಮುಂದಿದ್ದ ಅಕ್ಕ ತಮ್ಮ ಮಾತ್ರ ಆ ಪೋಸ್ಟರಿಗೆ ಬೆನ್ನು ಹಾಕಿ ನಿಂತಿದ್ದರು.

“ನಿನ್ನ ಧಾರಾವಾಹಿಗೆ ನೀನು ಪೋಸ್ಟರ್ ಅಂಟಿಸ್ದೆ, ರೇಡಿಯೋಗೆ ಹಾಕಿಸ್ದೆ. ಸಾಲ್ದು ಅಂತ ಫೋನ್ ಬೇರೆ ಮಾಡಿಸ್ಬೇಕಿತ್ತೇನೋ?”

“ಅದು ನಾಯಕಿ ದನೀಲಿ ರೆಕಾರ್ಡ್ ಮಾಡಿರೋದು ಅಕ್ಕಾ. ಪ್ರಚಾರಕ್ಕೆ.”

“‘ಅಮ್ಮಾ, ತಪ್ಪಾಯ್ತು, ಮನೆಗೆ ಬರ್ತಿದೀನಿ’ ಅಂತ ಬರೆದಿದ್ದು ಯಾರು?”

“ನಾನೇ.”

“ಚಿಕ್ಕಮ್ಮನ ಮಗಳು ಮನೆ ಬಿಟ್ಟು ಹೋಗಿರೋದು ನಿಂಗೆ ಗೊತ್ತಿಲ್ವಾ?”

“ಊರಿಗೆಲ್ಲ ಕಳಿಸೋ ಮೊದ್ಲು ಸರಿಯಾಗಿ ಕೇಳತ್ತಾ ನೋಡೋಣ ಅಂತ ನಮ್ಮೋರ ನಂಬರೆಲ್ಲ ಹಾಕ್ದೆ. ಅವ್ರ ವಿಷಯ ತಲೆಗೇ ಹೊಳೀಲಿಲ್ಲ.”

“ಕೊನೇಲಿ ಧಾರಾವಾಹಿ ಹೆಸರು ಹೇಳತ್ತಲ್ವಾ?”

“ಅಲ್ಲೀವರೆಗೂ ಅವ್ರು ಕೇಳೇ ಇಲ್ಲ. ಫೋನ್ ಅಲ್ಲೇ ಬಿಟ್ಟು, ಮಗಳಿಗೆ ಹಾಸಿಗೆ ಹಾಸೋಕೆ ಹೋಗಿದಾರೆ.”



“ಹೋಗಿ ನಿಜ ಹೇಳ್ಬೇಕು ಕಣೋ.”

“ಬೆಳಿಗ್ಗೆನೇ ಹೇಳ್ದೆ. ಭೂಮಿ ಬಾಯಿ ಬಿಟ್ಟು ನುಂಗಬಾರದಾ ಅನ್ನಿಸ್ತು.”

“ಬೈದ್ರಾ?”

“ಬೈದಿದ್ರೆ ಚೆನ್ನಾಗಿರ್ತಿತ್ತು.”

“ಮತ್ತೆ?”

“‘ಪರವಾಗಿಲ್ಲ ಕಣೋ. ಆ ಫೋನು ಇನ್ನೊಂದ್ ಸಲ ಬರೋ ಹಾಗೆ ಮಾಡ್ತೀಯಾ?’ ಅಂತ ಕೇಳಿದ್ರು.”

ಬಸ್ಸು ಬಂತು. ಅದರ ಮೈಮೇಲೂ ಅಳುತ್ತಿರುವ ಅದೇ ಮುಖ. ಅಕ್ಕ ಹತ್ತಿದಳು. ತಮ್ಮ ತಲೆ ತಗ್ಗಿಸಿಕೊಂಡೇ ಹಿಂದಿನಿಂದ ಹತ್ತಿದ.